ಹಸಿವಿನ ಹೊಣೆಯನ್ನೆಲ್ಲ ಯುದ್ಧದ ತಲೆಗೆ ಕಟ್ಟಬೇಡಿ

ದೂರದಲ್ಲೆಲ್ಲೋ ಯುದ್ಧ ಶುರುವಾದರೆ ಹಡಗು ನಿಲ್ಲುತ್ತದೆ, ಹಡಗು ನಿಂತರೆ ಅಂಗಡಿಯ ಕಪಾಟು ಖಾಲಿಯಾಗುತ್ತದೆ, ಕಪಾಟು ಖಾಲಿಯಾದರೆ ಜನ ಹಸಿದಿರುತ್ತಾರೆ. 2022ರ ಫೆಬ್ರವರಿ 24ರಂದು ರಷ್ಯಾ ಉಕ್ರೇನಿನೊಳಗೆ ನುಗ್ಗಿದಂದಿನಿಂದ ಈ ಕಥೆ ಎಲ್ಲರಿಗೂ ಬಾಯಿಪಾಠವಾಗಿದೆ. ಸಚಿವರು ಹೇಳುತ್ತಾರೆ, ಪತ್ರಿಕೆಗಳು ಬರೆಯುತ್ತವೆ, ವಿಶ್ವವಿದ್ಯಾಲಯಗಳು ಇದನ್ನೇ ಪ್ರಶ್ನೆಯಾಗಿಸಿ ಪಿಎಚ್‌ಡಿಗೆ ಫೆಲೋಶಿಪ್ ಕೊಡುತ್ತವೆ. ದೂರದ ಯುದ್ಧಗಳು ಆಹಾರ ಭದ್ರತೆಯನ್ನು ಹೇಗೆ ಕೆಡಿಸುತ್ತವೆ ಎಂದು ತಿಳಿಯಲು ಮೂರು ನಾಲ್ಕು ವರ್ಷಗಳ ಮಾಸಾಶನ, ಸಮ್ಮೇಳನಗಳಿಗೆ ಓಡಾಟದ ಖರ್ಚು, ಕಂಪ್ಯೂಟರ್ ಮಾದರಿಗಳಿಗೆ ಹಣ ಎಲ್ಲವೂ ಸಿಗುತ್ತದೆ. ಹಣ ಕೊಡುವುದನ್ನು ನಾನು ವಿರೋಧಿಸುತ್ತಿಲ್ಲ. ವಿಷಯ ದೊಡ್ಡದು, ಹಣ ಇನ್ನೂ ಹೆಚ್ಚು ಬೇಕು. ನನ್ನ ಜಗಳ ಆ ಕಥೆಯ ಜೊತೆ. ಅದನ್ನು ಪರೀಕ್ಷಿಸದೆ ಒಪ್ಪಿಕೊಂಡು, ಅದಕ್ಕೆ ತಕ್ಕ ಅಂಕಿಗಳನ್ನು ಮಾತ್ರ ಹುಡುಕುವ ಸಂಶೋಧನೆಯ ಜೊತೆ.

ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ಕೂತು ಈ ಮಾತು ಬರೆಯುತ್ತಿದ್ದೇನೆ. ಸರ್ಕಾರಿ ಫಲಕಗಳಲ್ಲಿ ಈ ಬಡಾವಣೆ ಈಗ ಅಲ್ ಝಾಹಿಯಾ. ಆದರೆ ಟ್ಯಾಕ್ಸಿಯವರಿಗೆ, ಬೆಡ್‌ಸ್ಪೇಸ್ ಹುಡುಕುವವರಿಗೆ ಇದು ಇವತ್ತಿಗೂ ಟೂರಿಸ್ಟ್ ಕ್ಲಬ್ಬೇ. ಒಂದು ಮಗ್ಗುಲಿಗೆ ಅಬುಧಾಬಿ ಮಾಲ್, ಅದಕ್ಕೆ ಅಂಟಿಕೊಂಡ ಕೋ-ಆಪ್ ಸೂಪರ್‌ಮಾರ್ಕೆಟ್. ಇನ್ನೊಂದು ಮಗ್ಗುಲಿಗೆ ಸಲಾಂ ಸ್ಟ್ರೀಟ್. ಸ್ವಲ್ಪ ದೂರದಲ್ಲಿ ಮೀನಾ ಝಾಯೆದ್ ಬಂದರು, ಅಲ್ಲಿನ ಮೀನು ಮಾರುಕಟ್ಟೆ. ನಡುವಿನ ಹಳೆಯ ಕಟ್ಟಡಗಳಲ್ಲಿ ಮಂಗಳೂರು, ಉಡುಪಿ, ಭಟ್ಕಳ, ಕಾಸರಗೋಡಿನ ಕಡೆಯಿಂದ ಬಂದವರು ಒಂದೊಂದು ಫ್ಲ್ಯಾಟಿನಲ್ಲಿ ಹಲವರು ಸೇರಿ ಬದುಕುತ್ತಾರೆ. ಹಾಲ್‌ಗೆ ಪ್ಲೈವುಡ್ ಪಾರ್ಟಿಷನ್, ಅಡುಗೆಮನೆ ಒಂದೇ, ಮೆಸ್ ಒಂದೇ. ದೂರದ ಯುದ್ಧ ಊಟದ ತಟ್ಟೆಗೆ ಏನು ಮಾಡುತ್ತದೆ ಎಂದು ತಿಳಿಯಬೇಕಾದವರು ನೋಡಬೇಕಾದ ಜಾಗ ಇದು. ಆದರೆ ಇಲ್ಲಿ ಆ ಪ್ರಶ್ನೆಯನ್ನು ಹಿಡಿದುಕೊಂಡು ಬಾಗಿಲು ತಟ್ಟಿದವರನ್ನು ನಾನು ಕಂಡಿಲ್ಲ.

ಕಪಾಟಿನ ವಿಷಯ ಮೊದಲು ಮುಗಿಸಿಬಿಡೋಣ. ಕಪಾಟು ಖಾಲಿಯಾಗಲಿಲ್ಲ. 2022ರಲ್ಲೂ ಆಗಲಿಲ್ಲ, 2023ರಲ್ಲೂ ಆಗಲಿಲ್ಲ. ತನ್ನ ಆಹಾರದ ಶೇ. 80ಕ್ಕೂ ಹೆಚ್ಚು ಭಾಗವನ್ನು ಹೊರಗಿನಿಂದ ತರಿಸುವ ಈ ದೇಶ ಆ ಕೆಲಸವನ್ನು ಬಹಳ ಜಾಣತನದಿಂದ ನಿಭಾಯಿಸಿತು, ಅದನ್ನು ಮೆಚ್ಚಲೇಬೇಕು. 2022ರ ಮೇ 13ರಂದು ಭಾರತ ಗೋಧಿ ರಫ್ತು ನಿಷೇಧಿಸಿತು. ಭಾರತದಿಂದ ಬಂದ ಗೋಧಿ ಮತ್ತು ಗೋಧಿ ಹಿಟ್ಟು ಬೇರೆ ದೇಶಗಳಿಗೆ ಹೋಗದಂತೆ ಯುಎಇ ಅದೇ ದಿನಾಂಕದಿಂದ ನಾಲ್ಕು ತಿಂಗಳು ತಡೆ ಹಾಕಿತು. 2023ರ ಜುಲೈ 20ರಂದು ಭಾರತ ಬಾಸ್ಮತಿಯಲ್ಲದ ಬೆಳ್ತಿಗೆ ಅಕ್ಕಿಯ ರಫ್ತನ್ನೂ ನಿಲ್ಲಿಸಿದಾಗ, ಯುಎಇ ಎಂಟು ದಿನದೊಳಗೆ ಅಕ್ಕಿ ಹೊರಹೋಗುವುದನ್ನು ನಿಲ್ಲಿಸಿತು. ಸೆಪ್ಟೆಂಬರ್‌ನಲ್ಲಿ ಭಾರತ ಸರ್ಕಾರ ವಿಶೇಷ ಅನುಮತಿಯಲ್ಲಿ 75,000 ಟನ್ ಅಕ್ಕಿಯನ್ನು ಈ ದೇಶಕ್ಕೆ ಬಿಟ್ಟುಕೊಟ್ಟಿತು. ಹೋರ್ಮುಝ್ ಜಲಸಂಧಿಯ ಆಚೆಗಿರುವ ಫುಜೈರಾ ಬಂದರಿನಲ್ಲಿ ಧಾನ್ಯದ ದೊಡ್ಡ ಕಣಜಗಳಿವೆ. 2018ರಲ್ಲೇ 2051ರವರೆಗಿನ ಆಹಾರ ಭದ್ರತಾ ಕಾರ್ಯತಂತ್ರ ರೂಪುಗೊಂಡಿತ್ತು. ಜಾಗತಿಕ ಆಹಾರ ಭದ್ರತಾ ಸೂಚ್ಯಂಕದಲ್ಲಿ 2022ರಲ್ಲಿ 113 ದೇಶಗಳ ಪೈಕಿ ಯುಎಇಗೆ 23ನೇ ಸ್ಥಾನ, ಮಧ್ಯಪ್ರಾಚ್ಯ ಮತ್ತು ಉತ್ತರ ಆಫ್ರಿಕಾಕ್ಕೆಲ್ಲ ಮೊದಲ ಸ್ಥಾನ.

ಸಂಶೋಧನಾ ಪ್ರಬಂಧಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತವೆ. ಆಘಾತ ಬಂತು, ವ್ಯವಸ್ಥೆ ತಾಳಿಕೊಂಡಿತು, ದೇಶ ಸುರಕ್ಷಿತ. ಮುಂದಿನ ಅಧ್ಯಾಯ: ಬಂದರುಗಳ ಸಾಮರ್ಥ್ಯ ಇನ್ನೂ ಹೆಚ್ಚಬೇಕು, ಆಮದಿನ ಮೂಲಗಳು ಇನ್ನೂ ಹರಡಿಕೊಳ್ಳಬೇಕು.

ಆದರೆ ಕಪಾಟು ತುಂಬಿದ್ದ ಅದೇ ತಿಂಗಳುಗಳಲ್ಲಿ ಮೆಸ್ಸಿನ ತಟ್ಟೆ ಬಡವಾಯಿತು. ನಾನು ವರ್ಷಗಟ್ಟಲೆ ಮೆಸ್ ಲೆಕ್ಕ ಬರೆದವನು, ಹಾಗಾಗಿ ಇದು ಹೇಗಾಗುತ್ತದೆ ಎಂದು ಬಿಡಿಸಿ ಹೇಳಬಲ್ಲೆ. ಮೆಸ್ಸಿನಲ್ಲಿ ತಲೆಗಿಷ್ಟು ಎಂದು ತಿಂಗಳಿಗೆ ಒಂದು ಮೊತ್ತ ಗೊತ್ತು ಮಾಡಿರುತ್ತಾರೆ. ಸಾವಿರ, ಸಾವಿರದೈನೂರು ದಿರ್ಹಮ್ ಸಂಬಳದವನಿಗೆ ಆ ಮೊತ್ತ ಕಲ್ಲಿನಲ್ಲಿ ಕೊರೆದಿಟ್ಟಷ್ಟು ಗಟ್ಟಿ. ಬೆಲೆ ಏರಿದಾಗ ಮೊತ್ತ ಏರಿಸೋಣವೇ ಎಂದು ಕೇಳಿದರೆ, ಬೇಡ, ಅದರಲ್ಲೇ ನೋಡಿಕೊಳ್ಳಿ ಎಂಬುದೇ ಉತ್ತರ. ಅದರಲ್ಲೇ ನೋಡಿಕೊಳ್ಳುವುದೆಂದರೆ ಮೊದಲು ಹಣ್ಣು ನಿಲ್ಲುತ್ತದೆ. ಆಮೇಲೆ ಬಂಗುಡೆ, ಬೂತಾಯಿ ವಾರಕ್ಕೊಮ್ಮೆಗೆ ಇಳಿಯುತ್ತದೆ. ಕೋಳಿಯ ದಿನಗಳಲ್ಲಿ ಮೊಟ್ಟೆ ಬರುತ್ತದೆ, ಮೊಟ್ಟೆಯ ದಿನಗಳಲ್ಲಿ ಬೇಳೆ. ಒಗ್ಗರಣೆಗೆ ಎಣ್ಣೆ ಅಳತೆ ಮಾಡಿ ಹಾಕುವ ಕಾಲ ಬರುತ್ತದೆ. ಕುಚ್ಚಲಕ್ಕಿ ಬಿಟ್ಟು ಅಗ್ಗದ ಯಾವುದೋ ಬಿಳಿ ಅಕ್ಕಿಗೆ ಒಗ್ಗಿಕೊಳ್ಳಬೇಕಾಗುತ್ತದೆ. ಬೆಳಗಿನ ತಿಂಡಿ ಮೆಸ್ಸಿನಿಂದ ಹೊರಬಿದ್ದು, ಕೆಫೆಟೇರಿಯಾದ ಕರಕ್ ಚಹಾ ಮತ್ತು ಒಂದು ಖುಬೂಸ್ ಆಗುತ್ತದೆ. ಹೊಟ್ಟೆ ಖಾಲಿ ಇದೆಯೇ ಎಂದು ಕೇಳಿದರೆ ಇಲ್ಲ ಎನ್ನುತ್ತಾನೆ. ಅಕ್ಕಿ, ಗೋಧಿ ತುಂಬಿದ ಹೊಟ್ಟೆ ಅದು. ಬಿಸಿಲಿನಲ್ಲಿ ಹತ್ತು ಗಂಟೆ ದುಡಿಯುವ ದೇಹಕ್ಕೆ ಬೇಕಾದ್ದು ಅದರಲ್ಲಿ ಇರುವುದಿಲ್ಲ.

ಇದನ್ನು ಹಡಗು ಮಾಡಿತೇ? ಹಡಗು ಬಂದಿತ್ತು. ಕೋ-ಆಪ್‌ನಲ್ಲಿ ಕೋಳಿ ಇತ್ತು, ಮೀನಾದಲ್ಲಿ ಮೀನು ಇತ್ತು.

ಬೆಲೆ ಏರಿತಲ್ಲ, ಅದಕ್ಕೆ ಯುದ್ಧವೇ ಕಾರಣವಲ್ಲವೇ ಎಂದು ಕೇಳುವಿರಿ. ಒಂದು ಪಾಲು ಹೌದು. ಯುಎಇಯಲ್ಲಿ ಪೆಟ್ರೋಲ್ ಬೆಲೆ 2015ರ ಆಗಸ್ಟ್‌ನಿಂದ ಮಾರುಕಟ್ಟೆಗೆ ಹೊಂದಿಕೊಂಡು ತಿಂಗಳು ತಿಂಗಳು ಬದಲಾಗುತ್ತದೆ. ಸೂಪರ್ 98 ಪೆಟ್ರೋಲ್ 2022ರ ಜನವರಿಯಲ್ಲಿ ಲೀಟರಿಗೆ 2.65 ದಿರ್ಹಮ್ ಇದ್ದದ್ದು ಜುಲೈಯಲ್ಲಿ 4.63ಕ್ಕೆ ಮುಟ್ಟಿತು. ಆ ಏರಿಕೆ ಯುದ್ಧದ್ದೇ. ಆದರೆ ಆ ಏರಿಕೆ ಯಾರ ಜೇಬಿನಿಂದ ಹೋಗಬೇಕು ಎಂದು ತೀರ್ಮಾನಿಸಿದ್ದು ಯುದ್ಧವಲ್ಲ. 2022ರ ಮೇ ತಿಂಗಳಲ್ಲಿ ದುಬೈಯಲ್ಲಿ ಮನೆಮನೆಗೆ ಊಟ ತಲುಪಿಸುವ ಬೈಕ್ ಸವಾರರು, ಮುಷ್ಕರಕ್ಕೆ ಕಾನೂನಿನ ಅವಕಾಶವೇ ಇಲ್ಲದ ದೇಶದಲ್ಲಿ, ಕೆಲಸ ನಿಲ್ಲಿಸಿದರು. ಒಂದು ಕಂಪನಿ ಪ್ರತಿ ಡೆಲಿವರಿಗೆ ಕೊಡುವ ಹಣವನ್ನು ಇಳಿಸಲು ಹೊರಟಿತ್ತು, ಇನ್ನೊಂದರ ಸವಾರರು ಪೆಟ್ರೋಲ್ ಖರ್ಚು ಸರಿದೂಗುವಷ್ಟು ಏರಿಕೆ ಕೇಳಿದರು. ಬೇರೆಯವರ ಊಟ ಹೊತ್ತು ಓಡುವವರು ತಮ್ಮ ಊಟಕ್ಕಾಗಿ ಬೈಕ್ ನಿಲ್ಲಿಸಿದ ಆ ದಿನಗಳಿಗೆ, ದೂರದ ಯುದ್ಧ ಮತ್ತು ಆಹಾರ ಭದ್ರತೆಯ ಬಗ್ಗೆ ಬರೆಯುವ ಪ್ರಬಂಧದಲ್ಲಿ ಒಂದು ಅಧ್ಯಾಯವೇ ಮೀಸಲಾಗಬೇಕಿತ್ತು. ಕಾರ್ಮಿಕ ಸಂಬಂಧಗಳೆಂಬ ಬೇರೆ ವಿಭಾಗದ ಬೇರೆ ಕಪಾಟಿಗೆ ಅದನ್ನು ತಳ್ಳಿದ್ದಾರೆ.

ಸಂಬಳದ ಮಾತು ಬಂದಾಗ ನಮ್ಮದೇ ದೇಶದ ಸರ್ಕಾರವನ್ನೂ ಕೇಳಬೇಕು. ಇಲ್ಲಿ ವಲಸಿಗ ಕಾರ್ಮಿಕರಿಗೆ ಕನಿಷ್ಠ ವೇತನ ಎಂಬುದಿಲ್ಲ. ಆ ಕೊರತೆಯನ್ನು ತುಸು ತುಂಬಲು ಭಾರತ ತನ್ನ ಕೆಲಸಗಾರರನ್ನು ಕಳಿಸುವಾಗ ಇಷ್ಟಾದರೂ ಕೊಡಬೇಕೆಂದು ಒಂದು ಸೂಚಿತ ಕನಿಷ್ಠ ವೇತನ ಇಟ್ಟುಕೊಂಡಿತ್ತು. 2020ರ ಸೆಪ್ಟೆಂಬರ್‌ನಲ್ಲಿ, ಕೋವಿಡ್ ನಡುವೆ, ಕೊಲ್ಲಿ ದೇಶಗಳಿಗೆ ಅದನ್ನು ಶೇ. 30ರಿಂದ 50ರಷ್ಟು ಇಳಿಸಲಾಯಿತು. ಗದ್ದಲವಾದ ಮೇಲೆ 2021ರಲ್ಲಿ ಹಿಂದೆಗೆದುಕೊಂಡರು. ಆ ಹತ್ತು ತಿಂಗಳಲ್ಲಿ ಇಳಿದ ದರಕ್ಕೆ ಎರಡು ವರ್ಷದ ಒಪ್ಪಂದಕ್ಕೆ ಸಹಿ ಹಾಕಿ ಬಂದವನು ಉಕ್ರೇನ್ ಯುದ್ಧದ ಬೆಲೆಗಳನ್ನು ಆ ಸಂಬಳದಲ್ಲೇ ಎದುರಿಸಬೇಕಾಯಿತು. ಯುದ್ಧಕ್ಕಿಂತ ಹದಿನೇಳು ತಿಂಗಳು ಮೊದಲು ದೆಹಲಿಯಲ್ಲಿ ಹೊರಟ ಒಂದು ಸುತ್ತೋಲೆಗೂ 2022ರ ಬೇಸಿಗೆಯಲ್ಲಿ ಅಬುಧಾಬಿಯ ಒಂದು ತಟ್ಟೆಗೂ ಇರುವ ನಂಟು ಇದು. ಕಪ್ಪು ಸಮುದ್ರದ ನಕ್ಷೆಯನ್ನು ಎಷ್ಟು ದೊಡ್ಡದು ಮಾಡಿ ನೋಡಿದರೂ ಅದು ಕಾಣಿಸುವುದಿಲ್ಲ.

ಇನ್ನು ಊರಿಗೆ ಕಳಿಸುವ ಹಣ. ರೂಪಾಯಿ ಬಿದ್ದರೆ ಕೊಲ್ಲಿಯಲ್ಲಿ ದುಡಿಯುವವರಿಗೆ ಲಾಭ ಎಂಬ ಮಾತು ಊರಿನ ಬ್ಯಾಂಕ್ ಮ್ಯಾನೇಜರನಿಂದ ಹಿಡಿದು ಟಿವಿ ಚರ್ಚೆಯವರೆಗೆ ಎಲ್ಲರಿಗೂ ಗೊತ್ತು. 2022ರ ಆರಂಭದಲ್ಲಿ ದಿರ್ಹಮ್‌ಗೆ ಇಪ್ಪತ್ತು ರೂಪಾಯಿಯ ಚಿಲ್ಲರೆ ಸಿಗುತ್ತಿದ್ದದ್ದು ಅಕ್ಟೋಬರ್ ಹೊತ್ತಿಗೆ ಇಪ್ಪತ್ತೆರಡು ದಾಟಿತು. ದಿರ್ಹಮ್ ಅನ್ನು ಡಾಲರಿಗೆ 3.6725ರ ದರದಲ್ಲಿ ಕಟ್ಟಿಹಾಕಿರುವುದರಿಂದ ಹಾಗಾಯಿತು. ಆದರೆ ಅದೇ ವರ್ಷ ಊರಿನಲ್ಲಿ ಅಡುಗೆ ಅನಿಲದ ಸಿಲಿಂಡರ್ ಸಾವಿರ ರೂಪಾಯಿ ದಾಟಿತು, ಸೂರ್ಯಕಾಂತಿ ಎಣ್ಣೆ ಲೀಟರಿಗೆ ಇನ್ನೂರರ ಹತ್ತಿರ ಹೋಯಿತು. ದಿರ್ಹಮ್ ತಂದುಕೊಟ್ಟ ಎರಡು ರೂಪಾಯಿಯನ್ನು ಊರಿನ ಅಡುಗೆಮನೆ ನುಂಗಿತು, ಸಾಲದ್ದಕ್ಕೆ ಇನ್ನಷ್ಟು ಕೇಳಿತು. ಆ ಇನ್ನಷ್ಟು ಬಂದದ್ದು ಮೆಸ್ಸಿನ ಲೆಕ್ಕದಿಂದ. ಒಂದೇ ಯುದ್ಧದ ಬೆಲೆಯನ್ನು ಎರಡು ಅಡುಗೆಮನೆಗಳಲ್ಲಿ ಒಬ್ಬನೇ ಮನುಷ್ಯ ತೆತ್ತ. ಸಂಶೋಧಕರ ಲೆಕ್ಕದಲ್ಲಿ ಆತ ಎರಡೂ ಕಡೆ ಇಲ್ಲ. ಭಾರತದ ಮನೆವಾರು ಬಳಕೆ ಸಮೀಕ್ಷೆ ಮನೆಯಲ್ಲಿ ವಾಸವಿರುವವರನ್ನು ಎಣಿಸುತ್ತದೆ, ವರ್ಷಗಟ್ಟಲೆ ಹೊರಗಿರುವವನನ್ನು ಎಣಿಸುವುದಿಲ್ಲ. ಆಹಾರ ಭದ್ರತಾ ಸೂಚ್ಯಂಕ ದೇಶದ ಸರಾಸರಿಯನ್ನು ನೋಡುತ್ತದೆ, ಪಾರ್ಟಿಷನ್ ಹಿಂದಿನ ಮಂಚವನ್ನು ನೋಡುವುದಿಲ್ಲ.

ಇದಕ್ಕೊಂದು ಸಿದ್ಧ ಆಕ್ಷೇಪವಿದೆ, ಅದನ್ನು ಹಲವರಿಂದ ಕೇಳಿದ್ದೇನೆ. ಅವನು ತಿನ್ನದೆ ಇರುವುದು ಅವನ ಆಯ್ಕೆ, ಉಳಿತಾಯಕ್ಕಾಗಿ ಮಾಡಿದ್ದು, ಅದನ್ನು ಆಹಾರ ಅಭದ್ರತೆ ಎನ್ನಲಾಗದು ಎನ್ನುತ್ತಾರೆ. ನನಗೆ ಈ ಮಾತು ಕೇಳಿದಾಗಲೆಲ್ಲ ಸಿಟ್ಟು ಬರುತ್ತದೆ, ಅದನ್ನು ಮರೆಮಾಚುವುದಿಲ್ಲ. ತಂಗಿಯ ಮದುವೆ ಸಾಲದ ಕಂತು, ವೀಸಾಕ್ಕೆ ಏಜೆಂಟನಿಗೆ ಕೊಟ್ಟ ದುಡ್ಡಿನ ಬಡ್ಡಿ, ಅಪ್ಪನ ಡಯಾಲಿಸಿಸ್, ಇವುಗಳಲ್ಲಿ ಯಾವುದನ್ನು ಬಿಟ್ಟು ಅವನು ಮೀನು ತಿನ್ನಬೇಕಿತ್ತು? ಊಟ ಒಂದೇ ಅವನ ಕೈಯಲ್ಲಿರುವ ಖರ್ಚು. ಬಾಡಿಗೆ ಇಳಿಸಲಾರ, ಬಡ್ಡಿ ಇಳಿಸಲಾರ, ಊರಿನ ಫೋನಿಗೆ ಇಲ್ಲ ಎನ್ನಲಾರ. ಹಳ್ಳಿಯ ತಾಯಿ ಮಕ್ಕಳಿಗೆ ಬಡಿಸಿ ತಾನು ಅರೆಹೊಟ್ಟೆ ಮಲಗಿದರೆ ಅದನ್ನು ಆಹಾರ ಅಭದ್ರತೆ ಎಂದು ಇದೇ ವಿದ್ವಾಂಸರು ಒಪ್ಪುತ್ತಾರೆ. ಅವಳ ಮಗ ಸಮುದ್ರದಾಚೆ ಕೂತು ಅದನ್ನೇ ಮಾಡಿದರೆ ಉಳಿತಾಯ ಎನ್ನುತ್ತಾರೆ.

ಗಾಝಾದಲ್ಲಿ, ಸುಡಾನಿನಲ್ಲಿ ಜನ ಅನ್ನವಿಲ್ಲದೆ ಸಾಯುತ್ತಿರುವಾಗ ಅಬುಧಾಬಿಯ ಮೆಸ್ಸಿನ ಬಗ್ಗೆ ಮಾತಾಡುವುದು ಸರಿಯೇ ಎಂದು ಇನ್ನು ಕೆಲವರು ಕೇಳುತ್ತಾರೆ. ಈ ಪ್ರಶ್ನೆಗೆ ನಾನು ತಲೆಬಾಗುತ್ತೇನೆ, ಆದರೆ ನನ್ನ ವಾದವನ್ನು ಅದು ಗಟ್ಟಿ ಮಾಡುತ್ತದೆ ಎಂದೇ ಹೇಳುತ್ತೇನೆ. 2024ರ ಆಗಸ್ಟ್‌ನಲ್ಲಿ ಸುಡಾನಿನ ಝಮ್‌ಝಮ್ ಶಿಬಿರದಲ್ಲಿ, 2025ರ ಆಗಸ್ಟ್‌ನಲ್ಲಿ ಗಾಝಾ ನಗರದ ಪ್ರಾಂತ್ಯದಲ್ಲಿ ಕ್ಷಾಮವನ್ನು ಅಧಿಕೃತವಾಗಿ ದೃಢಪಡಿಸಲಾಯಿತು. ಅಲ್ಲಿ ಯುದ್ಧವೇ ನೇರವಾಗಿ ಅನ್ನ ಕಸಿಯುತ್ತದೆ: ಮುತ್ತಿಗೆ, ತಡೆಹಿಡಿದ ಲಾರಿಗಳು, ಸುಟ್ಟ ಹೊಲ, ಹೊತ್ತೊಯ್ದ ಧಾನ್ಯ. ಅದನ್ನು ಯುದ್ಧದ ಹಸಿವು ಎಂದು ಕರೆಯಲೇಬೇಕು, ಹೊಣೆಗಾರರನ್ನು ಹೆಸರು ಹಿಡಿದು ಕೇಳಲೇಬೇಕು. ಆ ಹಸಿವಿಗೆ ಸಲ್ಲಬೇಕಾದ ವಿವರಣೆಯನ್ನು ತಂದು, ಸಂಬಳ ಏರಿಸದ ಒಬ್ಬ ಮಾಲೀಕನ, ಕನಿಷ್ಠ ವೇತನ ಇಳಿಸಿದ ಒಂದು ಸರ್ಕಾರದ ತೀರ್ಮಾನಕ್ಕೆ ಹೊದಿಸುವುದು ಝಮ್‌ಝಮ್‌ನವರಿಗೂ ಅನ್ಯಾಯ, ನಮ್ಮವರಿಗೂ ಅನ್ಯಾಯ. ಯುದ್ಧ ಇಲ್ಲಿಗೆ ನೇರವಾಗಿ ಬಂದ ದಿನವೂ ಇದೆ. 2022ರ ಜನವರಿ 17ರಂದು ಯೆಮೆನಿನ ಹೂತಿಗಳ ದಾಳಿ ಮುಸಫ್ಫಾದ ಇಂಧನ ಡಿಪೋಗೆ ಬಿದ್ದಾಗ ಸತ್ತ ಮೂವರು ಯಾರು? ಇಬ್ಬರು ಭಾರತೀಯರು, ಒಬ್ಬ ಪಾಕಿಸ್ತಾನದವನು. ಅದು ಯುದ್ಧದ ಸಾವು. ಅದರ ಮುಂದಿನ ತಿಂಗಳುಗಳ ಬಡ ತಟ್ಟೆಗೆ ಬೇರೆ ಹೆಸರುಗಳಿವೆ.

ಊರಿನ ಕಡೆ ನೋಡಿದರೆ ಈ ಹೆಸರುಗಳು ಇನ್ನೂ ಸ್ಪಷ್ಟವಾಗಿ ಕಾಣುತ್ತವೆ. ಸೂರ್ಯಕಾಂತಿ ಎಣ್ಣೆಯನ್ನೇ ತೆಗೆದುಕೊಳ್ಳಿ. ಯುದ್ಧಕ್ಕೆ ಮೊದಲು ಭಾರತ ತರಿಸುತ್ತಿದ್ದ ಸೂರ್ಯಕಾಂತಿ ಎಣ್ಣೆಯಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಉಕ್ರೇನಿನದು. ಯುದ್ಧ ಬಂತು, ಎಣ್ಣೆ ಏರಿತು, ಬೆಂಗಳೂರಿನ ಹೋಟೆಲುಗಳು ವಡೆಯ ದರ ಏರಿಸಿದವು. ಎಲ್ಲರೂ ಪುಟಿನ್ ಹೆಸರು ಹೇಳಿದರು. ಆದರೆ 1990ರ ದಶಕದ ಆರಂಭದಲ್ಲಿ ಭಾರತದಲ್ಲಿ 20 ಲಕ್ಷ ಹೆಕ್ಟೇರಿಗೂ ಹೆಚ್ಚು ನೆಲದಲ್ಲಿ ಸೂರ್ಯಕಾಂತಿ ಇತ್ತು, ಅದರಲ್ಲಿ ಮುಂಚೂಣಿ ನಮ್ಮ ಕರ್ನಾಟಕದ್ದು. ರಾಯಚೂರು, ಕೊಪ್ಪಳ, ಗದಗ, ಬಳ್ಳಾರಿಯ ಎರೆ ಹೊಲಗಳಲ್ಲಿ ಹಳದಿ ಬಯಲುಗಳನ್ನು ಕಂಡವರು ಇನ್ನೂ ಇದ್ದಾರೆ. 2020ರ ಹೊತ್ತಿಗೆ ಇಡೀ ದೇಶದಲ್ಲಿ ಅದು ಎರಡೂವರೆ ಲಕ್ಷ ಹೆಕ್ಟೇರಿನ ಆಸುಪಾಸಿಗೆ ಇಳಿದಿತ್ತು. ನೆಕ್ರೋಸಿಸ್ ರೋಗ ಒಂದು ಕಾರಣ, ಹಕ್ಕಿಗಳ ಕಾಟವೂ ಒಂದು ಕಾರಣ. ದೊಡ್ಡ ಕಾರಣ, 1994ರಿಂದ ತಾಳೆ ಎಣ್ಣೆಗೆ ಬಾಗಿಲು ತೆರೆದು, ಆಮೇಲೆ ಒಂದೊಂದೇ ಎಣ್ಣೆಯ ಸುಂಕವನ್ನು ಪೇಟೆಯ ಗ್ರಾಹಕರ ಅನುಕೂಲ ನೋಡಿ ಕುಣಿಸಿದ್ದು. ನಮ್ಮ ಎಣ್ಣೆಯ ಡಬ್ಬಿಯನ್ನು ಕಪ್ಪು ಸಮುದ್ರದ ದಡದಲ್ಲಿ ಇಟ್ಟವರು ನಾವೇ. ಯುದ್ಧ ಅದನ್ನು ಒದೆಯಿತು, ಅಷ್ಟೆ.

ಪಾಠ ಕಲಿತೆವೇ? 2022ರಲ್ಲಿ ಸರ್ಕಾರ ವರ್ಷಕ್ಕೆ 20 ಲಕ್ಷ ಟನ್ ಕಚ್ಚಾ ಸೂರ್ಯಕಾಂತಿ ಎಣ್ಣೆಯನ್ನು ಸುಂಕವಿಲ್ಲದೆ ಬಿಟ್ಟುಕೊಂಡಿತು. ಒಂದು ವರ್ಷ ಕಳೆಯುವಷ್ಟರಲ್ಲಿ ಬೆಲೆ ಕುಸಿದು ರೈತನ ಕೊರಳಿಗೆ ಬಂತು. 2023ರ ಜೂನ್‌ನಲ್ಲಿ ಹರಿಯಾಣದ ಶಹಾಬಾದ್‌ನಲ್ಲಿ, ಕ್ವಿಂಟಲಿಗೆ 6,400 ರೂಪಾಯಿ ಬೆಂಬಲ ಬೆಲೆಯಲ್ಲಿ ಕೊಳ್ಳಿ ಎಂದು ಸೂರ್ಯಕಾಂತಿ ಬೆಳೆಗಾರರು ಹೆದ್ದಾರಿಯಲ್ಲಿ ಕೂತು ಲಾಠಿ ತಿಂದರು. ಯುದ್ಧ ಇನ್ನೂ ನಡೆಯುತ್ತಲೇ ಇತ್ತು. ಯುದ್ಧದಿಂದ ಬೆಲೆ ಏರುತ್ತದೆ ಎಂದು ಹೊರಟ ಮಾದರಿಗೆ ಈ ರೈತ ಎಲ್ಲಿ ಹೊಂದುತ್ತಾನೆ?

ಇನ್ನೊಂದು ಸರಪಳಿ ನಮ್ಮ ಪಡಿತರ ಅಂಗಡಿಯದು. 2022ರ ಮಾರ್ಚ್‌ನ ಬಿಸಿಗಾಳಿಗೆ ಉತ್ತರದ ಗೋಧಿ ಸೊರಗಿತು, ಯುದ್ಧದಿಂದ ಹೊರದೇಶಗಳಲ್ಲಿ ಬೆಲೆ ಏರಿದ್ದರಿಂದ ಖಾಸಗಿ ವ್ಯಾಪಾರಿಗಳು ಮುಗಿಬಿದ್ದು ಕೊಂಡರು. ಸರ್ಕಾರದ ಗೋಧಿ ಖರೀದಿ ಹಿಂದಿನ ವರ್ಷದ 433 ಲಕ್ಷ ಟನ್ನಿನಿಂದ 188 ಲಕ್ಷ ಟನ್ನಿಗೆ ಬಿತ್ತು. ಉಚಿತ ಪಡಿತರದಲ್ಲಿ ಗೋಧಿಯ ಬದಲು 55 ಲಕ್ಷ ಟನ್ ಅಕ್ಕಿ ಕೊಡಬೇಕಾಯಿತು. ಮರುವರ್ಷ ಎಲ್ ನಿನೊ ಭಯ. 2023ರ ಜೂನ್ 13ರಂದು, ರಾಜ್ಯಗಳಿಗೆ ಮುಕ್ತ ಮಾರುಕಟ್ಟೆ ಯೋಜನೆಯಲ್ಲಿ ಅಕ್ಕಿ, ಗೋಧಿ ಮಾರುವುದನ್ನು ಕೇಂದ್ರ ನಿಲ್ಲಿಸಿತು. ಕರ್ನಾಟಕದಲ್ಲಿ ಹೊಸದಾಗಿ ಬಂದಿದ್ದ ಸರ್ಕಾರ ಅನ್ನಭಾಗ್ಯದಲ್ಲಿ ತಲೆಗೆ ಹೆಚ್ಚುವರಿ ಐದು ಕಿಲೋ ಕೊಡಲು ಇದೇ ಅಕ್ಕಿಯನ್ನು ನೆಚ್ಚಿಕೊಂಡಿತ್ತು. ಜುಲೈಯಿಂದ ಅಕ್ಕಿಯ ಬದಲು ಕಿಲೋಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಖಾತೆಗೆ ಹಾಕಿದರು. ಅಕ್ಕಿಯೇ ಕೈಗೆ ಬರಲು 2025ರ ಫೆಬ್ರವರಿ ಆಗಬೇಕಾಯಿತು. ಆ ನಡುವೆ 2023ರ ಆಗಸ್ಟ್‌ನಲ್ಲಿ ಮಳೆ ಕೈಕೊಟ್ಟು ರಾಜ್ಯದ ಬಹುತೇಕ ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ಪೇಟೆಯಲ್ಲಿ ಐದು ಕಿಲೋ ಅಕ್ಕಿಗೆ 170 ರೂಪಾಯಿ ಎಲ್ಲಿ ಸಾಕಾಗುತ್ತಿತ್ತು?

ಈ ಸರಪಳಿಯ ಒಂದು ಕೊಂಡಿಯಲ್ಲಿ ಯುದ್ಧ ಇದೆ, ನಿಜ. ಆದರೆ ಕೇಂದ್ರ ಮಾರಾಟ ನಿಲ್ಲಿಸಿದ ದಿನ ಗೋದಾಮುಗಳಲ್ಲಿ ಅಕ್ಕಿ ಇರಬೇಕಾದ ಮಟ್ಟಕ್ಕಿಂತ ಬಹಳ ಹೆಚ್ಚೇ ಇತ್ತು. ಅಕ್ಕಿ ಇದ್ದೂ ಕೊಡಲಿಲ್ಲ. ಅದು ಒಂದು ತೀರ್ಮಾನ, ಅದಕ್ಕೊಂದು ದಿನಾಂಕ ಇದೆ, ಒಂದು ಆದೇಶಪತ್ರ ಇದೆ. ಅಂತಾರಾಷ್ಟ್ರೀಯ ಧಾನ್ಯ ಪೂರೈಕೆಯ ಮಾದರಿಯೊಳಗೆ ಆ ಆದೇಶಪತ್ರಕ್ಕೆ ಜಾಗವಿಲ್ಲ. ಅದನ್ನು ಓದಲು ಬೆಂಗಳೂರಿನಲ್ಲಿ, ದೆಹಲಿಯಲ್ಲಿ ಕೂತು ಕಡತ ತಿರುವಬೇಕು, ಆಮೇಲೆ ದೇವದುರ್ಗದ ಒಂದು ನ್ಯಾಯಬೆಲೆ ಅಂಗಡಿಯ ಮುಂದೆ ನಿಲ್ಲಬೇಕು.

ಇತಿಹಾಸ ಗೊತ್ತಿದ್ದವರು ಇಂಥ ತಪ್ಪು ಮಾಡಬಾರದಿತ್ತು. ಹದಿನಾರು, ಹದಿನೇಳನೆಯ ಶತಮಾನಗಳಲ್ಲಿ ನಮ್ಮ ಕುಂದಾಪುರದ ಬಳಿಯ ಬಸ್ರೂರಿನ ಅಕ್ಕಿ ಹೋರ್ಮುಝ್‌ಗೆ, ಮಸ್ಕತ್‌ಗೆ ಹೋಗುತ್ತಿತ್ತು. ಪೋರ್ಚುಗೀಸರು ತಮ್ಮ ಕೋಟೆಗಳ ಹೊಟ್ಟೆ ತುಂಬಿಸಲು ಆ ಅಕ್ಕಿಯನ್ನು ಕಪ್ಪವಾಗಿಯೂ ಕಿತ್ತುಕೊಂಡರು. ಕೊಲ್ಲಿಯ ಆಹಾರ ಭದ್ರತೆ ಕುಂದಾಪುರದ ಗದ್ದೆಗೆ ಕಟ್ಟಿಕೊಂಡದ್ದು ಇಂದು ನಿನ್ನೆಯದಲ್ಲ, ಯಾರು ತಿನ್ನಬೇಕು ಯಾರು ಕೊಡಬೇಕು ಎಂಬುದನ್ನು ಅಂದೂ ಬಲ ತೀರ್ಮಾನಿಸಿತ್ತು. ಎರಡನೆಯ ಮಹಾಯುದ್ಧದಲ್ಲಿ ಭಾರತದಿಂದ ಬರುವ ಧಾನ್ಯ ಕುಗ್ಗಿ, ಇವತ್ತು ಎಮಿರೇಟ್ಸ್ ಎಂದು ಕರೆಯುವ ಈ ಕರಾವಳಿಯಲ್ಲಿ ಬ್ರಿಟಿಷರು ಪಡಿತರ ಹಂಚಬೇಕಾಯಿತು. ಆದರೆ ಆ ಕಷ್ಟ ಅಷ್ಟು ಆಳಕ್ಕಿಳಿದದ್ದು ಹಡಗುಗಳು ಕಡಿಮೆಯಾದದ್ದರಿಂದ ಮಾತ್ರವಲ್ಲ. 1930ರ ದಶಕದಲ್ಲಿ ಜಪಾನಿನ ಸಾಕು ಮುತ್ತು ಬಂದು, ಜಗತ್ತಿನ ಆರ್ಥಿಕ ಕುಸಿತವೂ ಸೇರಿ, ಇಲ್ಲಿನ ಮುತ್ತಿನ ವ್ಯಾಪಾರ ಮುಗಿದಿತ್ತು. ಮುಳುಗುಗಾರರ ಕೈಯಲ್ಲಿ ಕಾಸಿರಲಿಲ್ಲ. ಅದೇ ಯುದ್ಧದ ಬಂಗಾಳವನ್ನು ನೋಡಿ. 1942ರ ಮಾರ್ಚ್‌ನಲ್ಲಿ ರಂಗೂನ್ ಬಿದ್ದು ಬರ್ಮಾ ಅಕ್ಕಿ ನಿಂತಿತು, 1943ರಲ್ಲಿ ಸುಮಾರು 30 ಲಕ್ಷ ಜನ ಸತ್ತರು. ಆ ವರ್ಷ ಬಂಗಾಳದಲ್ಲಿದ್ದ ಧಾನ್ಯ ಕ್ಷಾಮವಿಲ್ಲದ 1941ಕ್ಕಿಂತ ಹೆಚ್ಚೇ ಇತ್ತೆಂದು ಅಮರ್ತ್ಯ ಸೇನ್ 1981ರಲ್ಲಿ ತೋರಿಸಿದರು. ಅಂಕಿಗಳ ಬಗ್ಗೆ ಆಮೇಲೆ ತಕರಾರುಗಳು ಎದ್ದಿವೆ, ಆದರೆ ಸತ್ತವರು ಯಾರು ಎಂಬುದರ ಬಗ್ಗೆ ತಕರಾರಿಲ್ಲ: ಕೂಲಿಯವರು, ಬೆಸ್ತರು, ಕೈಕಸುಬಿನವರು. ಕಲ್ಕತ್ತೆಯ ಕಾರ್ಖಾನೆಗಳ ನೌಕರರಿಗೆ ಅಗ್ಗದ ಅಕ್ಕಿ ಸಿಗುತ್ತಿತ್ತು. ಪಿಎಚ್‌ಡಿಗಳ ಮೊದಲ ಅಧ್ಯಾಯದಲ್ಲಿ ಸೇನ್ ಹೆಸರು ತಪ್ಪದೆ ಬರುತ್ತದೆ. ಎರಡನೆಯ ಅಧ್ಯಾಯದಿಂದ ಟನ್ ಲೆಕ್ಕ ಶುರು.

ಏಕೆ ಹೀಗೆ? ಸಂಶೋಧಕರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಬಂದರಿನ ಕಸ್ಟಮ್ಸ್ ಅಂಕಿ ಸುಲಭವಾಗಿ ಸಿಗುತ್ತದೆ, ಸ್ವಚ್ಛವಾಗಿರುತ್ತದೆ, ದೇಶದಿಂದ ದೇಶಕ್ಕೆ ಹೋಲಿಸಬಹುದು. ಮೂರು ವರ್ಷದೊಳಗೆ ಪ್ರಬಂಧ ಮುಗಿಯಬೇಕು, ಪ್ರತಿಷ್ಠಿತ ನಿಯತಕಾಲಿಕ ಒಪ್ಪಬೇಕು. ಹಣ ಕೊಡುವವರಿಗೂ ದೇಶ ಎಂಬ ಘಟಕ ಬೇಕು. ಆ ಪ್ರಸಿದ್ಧ ಆಹಾರ ಭದ್ರತಾ ಸೂಚ್ಯಂಕದ ಬೆನ್ನಿಗಿದ್ದ ಪ್ರಾಯೋಜಕ ಕೊರ್ಟೆವಾ, ಬೀಜ ಮತ್ತು ಕೀಟನಾಶಕ ಮಾರುವ ಕಂಪನಿ. ಅದರ ಹಣದಿಂದ ಅಂಕಿ ಸುಳ್ಳಾಯಿತೆಂದು ನಾನು ಹೇಳುವುದಿಲ್ಲ. ಆದರೆ ಆಹಾರದ ಸಮಸ್ಯೆಯನ್ನು ಉತ್ಪಾದನೆ ಮತ್ತು ಪೂರೈಕೆಯ ಸಮಸ್ಯೆಯಾಗಿ ನೋಡುವ ಕಣ್ಣು ಅಂಥ ಪ್ರಾಯೋಜಕರಿಗೆ ಸಹಜ, ಸಂಬಳದ ಸಮಸ್ಯೆಯಾಗಿ ನೋಡುವ ಕಣ್ಣು ಅವರಿಗೆ ಬೇಕಾಗಿಲ್ಲ. ಸರ್ಕಾರಗಳಿಗೂ ಬೇಕಾಗಿಲ್ಲ. ಯುದ್ಧ ಕಾರಣವಾದರೆ ಯಾರೂ ರಾಜೀನಾಮೆ ಕೊಡಬೇಕಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ಯುಎಇ ಸರ್ಕಾರ ಬೆಲೆಯನ್ನು ಹಿಡಿಯಲು ಪ್ರಯತ್ನಿಸಿದೆ. 2023ರ ಮಾರ್ಚ್‌ನಲ್ಲಿ ಮೊಟ್ಟೆ ಮತ್ತು ಕೋಳಿಗೆ ಶೇ. 13ಕ್ಕಿಂತ ಹೆಚ್ಚು ಏರಿಸಬಾರದೆಂದು ಮಿತಿ ಹಾಕಿತು. 2025ರ ಜನವರಿಯಿಂದ ಅಕ್ಕಿ, ಎಣ್ಣೆ, ಮೊಟ್ಟೆ, ಹಾಲು, ಸಕ್ಕರೆ, ಕೋಳಿ, ಬೇಳೆ, ಬ್ರೆಡ್, ಗೋಧಿ ಈ ಒಂಬತ್ತು ವಸ್ತುಗಳ ಬೆಲೆಯನ್ನು ಮುಂಚಿತ ಅನುಮತಿಯಿಲ್ಲದೆ ಏರಿಸುವಂತಿಲ್ಲ, ಎರಡು ಏರಿಕೆಗಳ ನಡುವೆ ಆರು ತಿಂಗಳಾದರೂ ಇರಬೇಕು. ಒಳ್ಳೆಯ ಕ್ರಮ. ಇದರಿಂದ ಮೆಸ್ಸಿನ ತಟ್ಟೆಗೆ ಕೋಳಿ ಎಷ್ಟು ಮರಳಿತು ಎಂದು ಅಳೆದರೆ ಒಂದು ಉತ್ತಮ ಪ್ರಬಂಧವಾಗುತ್ತದೆ. ಅಳೆಯಬೇಕಾದರೆ ಮೆಸ್ಸಿಗೆ ಬರಬೇಕು.

ಬರುವುದು ಸುಲಭವಲ್ಲ ಎಂಬುದು ನನಗೆ ಗೊತ್ತು. ಬೆಡ್‌ಸ್ಪೇಸಿನಲ್ಲಿ ಇರುವವನ ಹೆಸರು ಎಷ್ಟೋ ಸಲ ಬಾಡಿಗೆ ಕರಾರಿನಲ್ಲಿ ಇರುವುದಿಲ್ಲ, ಅಪರಿಚಿತನೊಬ್ಬ ಪಟ್ಟಿ ಹಿಡಿದು ಬಂದರೆ ಅವನು ಬಾಗಿಲು ತೆರೆಯುವುದಿಲ್ಲ, ತೆರೆಯಬಾರದು ಕೂಡ. ಇಂಗ್ಲಿಷ್ ಪ್ರಶ್ನಾವಳಿಗೆ ಅವನು ಎಲ್ಲ ಚೆನ್ನಾಗಿದೆ ಎನ್ನುತ್ತಾನೆ. ತುಳುವಿನಲ್ಲಿ, ಬ್ಯಾರಿಯಲ್ಲಿ, ನವಾಯತಿಯಲ್ಲಿ, ಕನ್ನಡದಲ್ಲಿ ಕೇಳಿದರೆ, ಅದೂ ಪರಿಚಯದವರ ಮೂಲಕ ಕೇಳಿದರೆ, ಬೇರೆ ಉತ್ತರ ಬರುತ್ತದೆ. ಅವನ ಹೆಸರು, ಕಟ್ಟಡ, ಕಂಪನಿ ಎಲ್ಲಿಯೂ ಬೀಳದಂತೆ ನೋಡಿಕೊಳ್ಳುವ ಹೊಣೆ ಸಂಶೋಧಕರದು. ಈ ಕಷ್ಟಗಳೇ ಈ ಕೆಲಸಕ್ಕೆ ಹೆಚ್ಚು ಸಮಯ, ಹೆಚ್ಚು ಹಣ ಕೊಡಬೇಕೆಂಬುದಕ್ಕೆ ಕಾರಣ.

ಕೇರಳ ಈ ದಿಕ್ಕಿನಲ್ಲಿ ನಮಗಿಂತ ಬಹಳ ಮುಂದಿದೆ. ತಿರುವನಂತಪುರದ ಅಭಿವೃದ್ಧಿ ಅಧ್ಯಯನ ಕೇಂದ್ರ 1998ರಲ್ಲಿ ಆರಂಭಿಸಿದ ವಲಸೆ ಸಮೀಕ್ಷೆ ಸುಮಾರು ಐದು ವರ್ಷಕ್ಕೊಮ್ಮೆ ಮನೆಮನೆಗೆ ಹೋಗಿ, ಯಾರು ಎಲ್ಲಿ ದುಡಿಯುತ್ತಿದ್ದಾರೆ, ಎಷ್ಟು ಕಳಿಸುತ್ತಿದ್ದಾರೆ ಎಂದು ಎಣಿಸುತ್ತದೆ. ಕರಾವಳಿಯ ಮೂರು ಜಿಲ್ಲೆಗಳ ಇಷ್ಟೊಂದು ಮನೆಗಳು ಕೊಲ್ಲಿಯ ಹಣದ ಮೇಲೆ ನಿಂತಿರುವ ಕರ್ನಾಟಕದಲ್ಲಿ ಅಂಥ ಎಡೆಬಿಡದ ಸಮೀಕ್ಷೆಯ ಸಂಪ್ರದಾಯವೇ ಬೆಳೆಯಲಿಲ್ಲ. ಮಂಗಳೂರು ವಿಶ್ವವಿದ್ಯಾಲಯ 1980ರಿಂದ ಇದೆ, ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ 1972ರಿಂದ ಇದೆ, ಎರಡು ದೊಡ್ಡ ಕೃಷಿ ವಿಶ್ವವಿದ್ಯಾಲಯಗಳು ಬೆಂಗಳೂರಿನಲ್ಲಿ, ಧಾರವಾಡದಲ್ಲಿ ಇವೆ. ಇಲ್ಲಿ ಅಬುಧಾಬಿಯಲ್ಲಿ ಸಾದಿಯಾತ್ ದ್ವೀಪದ ನ್ಯೂಯಾರ್ಕ್ ವಿಶ್ವವಿದ್ಯಾಲಯ, ಅಲ್ ಐನ್‌ನ ಯುಎಇ ವಿಶ್ವವಿದ್ಯಾಲಯ ಇವೆ. ಇವುಗಳಲ್ಲಿ ಯಾವುದಾದರೂ ಎರಡು ಕೈಜೋಡಿಸಿದರೆ, ಒಂದೇ ಕುಟುಂಬದ ಎರಡು ಅಡುಗೆಮನೆಗಳನ್ನು, ಟೂರಿಸ್ಟ್ ಕ್ಲಬ್ಬಿನ ಮೆಸ್ಸನ್ನೂ ಬೈಂದೂರಿನ ಒಲೆಯನ್ನೂ, ಒಟ್ಟೊಟ್ಟಿಗೆ ಎರಡು ವರ್ಷ ಹಿಂಬಾಲಿಸಬಹುದು.

ಕೇಳಬೇಕಾದ ಪ್ರಶ್ನೆಗಳೂ ಕಷ್ಟದವಲ್ಲ. ಬೆಲೆ ಏರಿದ ತಿಂಗಳು ಸಂಬಳ ಏರಿತೇ, ಇಲ್ಲವೆಂದರೆ ಇಲ್ಲ ಎಂದವರು ಯಾರು? ಮೆಸ್ ಮೊತ್ತ ಬದಲಾಯಿತೇ? ಯಾವ ಪದಾರ್ಥ ಮೊದಲು ಹೋಯಿತು, ಯಾವುದು ಮರಳಿ ಬಂತು, ಯಾವುದು ಇನ್ನೂ ಬಂದಿಲ್ಲ? ಊರಿಗೆ ಕಳಿಸಿದ್ದು ಹೆಚ್ಚಿತೇ, ಅಲ್ಲಿ ಅದು ಎಣ್ಣೆಗೆ ಹೋಯಿತೇ ಸಾಲಕ್ಕೆ ಹೋಯಿತೇ? 2023ರ ಜುಲೈ 20ರ ಆದೇಶಕ್ಕೆ ಮೊದಲು ಮತ್ತು ನಂತರ, ಕುಚ್ಚಲಕ್ಕಿಗೆ ಆಗಸ್ಟ್ 25ರಂದು ಶೇ. 20 ಸುಂಕ ಬೀಳುವ ಮೊದಲು ಮತ್ತು ಬಿದ್ದ ನಂತರ, ಆ ಸುಂಕವನ್ನು 2024ರ ಅಕ್ಟೋಬರ್‌ನಲ್ಲಿ ಪೂರ್ತಿ ತೆಗೆದ ಮೇಲೆ, ಬಕಾಲ ಅಂಗಡಿಯಲ್ಲಿ ಕಿಲೋ ಕುಚ್ಚಲಕ್ಕಿಗೆ ಎಷ್ಟು ಕೊಟ್ಟರು? ಇವೆಲ್ಲದರ ಉತ್ತರ ಬರೆದಿಟ್ಟ ನೋಟ್‌ಬುಕ್‌ಗಳು ಈ ಬಡಾವಣೆಯ ಫ್ರಿಜ್‌ಗಳ ಮೇಲಿವೆ, ಕೆಲವು ಈಗ ವಾಟ್ಸಾಪ್ ಗುಂಪುಗಳಲ್ಲಿವೆ. ತಿಂಗಳ ಕೊನೆಯ ಭಾನುವಾರ ಲೆಕ್ಕ ಮುಗಿಸುವ ಹೊತ್ತಿಗೆ ಬಂದರೆ ಒಳ್ಳೆಯದು. ಅವತ್ತು ಎಲ್ಲರೂ ಕೋಣೆಯಲ್ಲಿರುತ್ತಾರೆ.